ವಿದ್ಯುತ್ತನ್ನು ಕೂಡಿಟ್ಟ ವಿಜ್ಞಾನಿ

ಪ್ರವೇಶ: ಸುಗ್ಗಿಯಲ್ಲಿ ಬಂದ ಕಾಳನ್ನು ನಮ್ಮ ಹಿರಿಯರು ಹಗೇವಿನಲ್ಲಿ ತುಂಬಿ ಕಷ್ಟಕಾಲಕ್ಕೆ ಕಾದಿಡುತ್ತಿದ್ದರು. ಮಳೆಗಾಲದ ನೀರನ್ನು ಕೆರೆಯಲ್ಲಿ ನಿಲ್ಲಿಸಿ ಬೇಸಗೆಗೆ ಬಳಸುತ್ತಿದ್ದರು. ಆದರೆ ತಂತಿಯಲ್ಲಿ ಹರಿದುಹೋಗುವ ವಿದ್ಯುತ್ತನ್ನು ಕೂಡಿಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಫ್ರೆಂಚ್ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆಯವರ ಜೀವನವನ್ನೂ ಅವರು ಕೊಟ್ಟ ವಸ್ತುವನ್ನು ನಾವು ಕಾಪಾಡಿಕೊಳ್ಳಬೇಕಾದ ಬಗೆಯನ್ನೂ ಈ ಪಾಠ ತಿಳಿಸುತ್ತದೆ.

ವಿದ್ಯಾರ್ಥಿಗಳೇ, ಸಂಜೆ ಓದುತ್ತ ಕುಳಿತಾಗ ಥಟ್ಟನೆ ಕರೆಂಟು ಹೋದ ಅನುಭವ ನಿಮಗೆಲ್ಲ ಇದ್ದೇ ಇದೆ. ಕೆಲವು ಮನೆಗಳಲ್ಲಿ ಮರುಕ್ಷಣವೇ ದೀಪ ಮತ್ತೆ ಬೆಳಗುತ್ತದೆ. ಮೂಲೆಯಲ್ಲಿ ಕುಳಿತ ಒಂದು ಭಾರವಾದ ಪೆಟ್ಟಿಗೆ ಆ ಕೆಲಸ ಮಾಡುತ್ತದೆ. ಆಟೋ ರಿಕ್ಷಾದ ಸೀಟಿನ ಕೆಳಗೆ, ಟ್ರ್ಯಾಕ್ಟರಿನ ಪಕ್ಕದಲ್ಲಿ, ಬಸ್ಸಿನೊಳಗೆ, ಆಸ್ಪತ್ರೆಯ ಕೋಣೆಯಲ್ಲಿ ಅಂಥದೇ ಪೆಟ್ಟಿಗೆಗಳಿವೆ. ನಾವು ಅದನ್ನು ಬ್ಯಾಟರಿ ಎಂದು ಕರೆಯುತ್ತೇವೆ. ಅದು ಸರಿಯಾಗಿ ದುಡಿಯುವವರೆಗೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಅದು ಕೈಕೊಟ್ಟ ದಿನ ಮಾತ್ರ ಎಲ್ಲರೂ ಅದನ್ನು ಬೈಯುತ್ತಾರೆ. ಆ ಪೆಟ್ಟಿಗೆಯೊಳಗೆ ಏನಿದೆ, ಅದನ್ನು ಮೊದಲು ಮಾಡಿದವರು ಯಾರು ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ, ಪಿರನೀಸ್ ಪರ್ವತಗಳಿಗೆ ಸಮೀಪದಲ್ಲಿ, ಒರ್ತೇಜ್ ಎಂಬ ಚಿಕ್ಕ ಊರಿದೆ. ಗ್ಯಾಸ್ಟನ್ ಪ್ಲಾಂಟೆಯವರು ಅಲ್ಲಿ 1834ರ ಏಪ್ರಿಲ್ 22ರಂದು ಜನಿಸಿದರು. ಅವರ ತಮ್ಮ ಫ್ರಾನ್ಸಿಸ್ ಪ್ಲಾಂಟೆ ಪಿಯಾನೊ ವಾದನದಲ್ಲಿ ಯುರೋಪಿನಲ್ಲೆಲ್ಲ ಹೆಸರಾದರು. ಅಣ್ಣನ ಒಲವು ಹರಿದದ್ದು ವಿಜ್ಞಾನದ ಕಡೆಗೆ. ಗ್ಯಾಸ್ಟನ್ ಪ್ಯಾರಿಸ್ ನಗರದಲ್ಲಿ ಓದಿದರು. 1854ರಲ್ಲಿ, ಇಪ್ಪತ್ತರ ಹರೆಯದಲ್ಲಿಯೇ, ಅಲ್ಲಿಯ ಕಲೆ ಮತ್ತು ಕಸುಬುಗಳ ರಾಷ್ಟ್ರೀಯ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಸಹಾಯಕರಾಗಿ ಸೇರಿದರು. ಹೆಸರಾಂತ ವಿಜ್ಞಾನಿ ಎಡ್ಮಂಡ್ ಬೆಕರೆಲ್ ಅಲ್ಲಿ ಅವರ ಮೇಲಿನವರು. ತರಗತಿಗೆ ಬೇಕಾದ ಉಪಕರಣಗಳನ್ನು ಸಜ್ಜುಗೊಳಿಸುವುದು, ಪ್ರಯೋಗಗಳಿಗೆ ನೆರವಾಗುವುದು ಸಹಾಯಕರ ಕೆಲಸ. ಹೊರಗಿನವರ ಕಣ್ಣಿಗೆ ಇದು ಸಣ್ಣ ಕೆಲಸ. ಆದರೆ ಕೈಯಿಂದ ಮಾಡಿ ಕಲಿಯುವ ಅಭ್ಯಾಸ ಅವರಿಗೆ ಬಂದದ್ದು ಇಲ್ಲಿಯೇ.

ಪ್ಲಾಂಟೆಯವರ ಕಣ್ಣು ಎಷ್ಟು ಚುರುಕಾಗಿತ್ತು ಎಂಬುದಕ್ಕೆ ಒಂದು ಘಟನೆ ಸಾಕ್ಷಿಯಾಗಿದೆ. 1855ರಲ್ಲಿ ಪ್ಯಾರಿಸ್ಸಿನ ಹತ್ತಿರದ ಮ್ಯೂಡಾನ್ ಎಂಬಲ್ಲಿ ನೆಲದ ಪದರಗಳ ನಡುವೆ ಅವರಿಗೆ ಒಂದು ದೊಡ್ಡ ಕಾಲಿನ ಮೂಳೆ ಸಿಕ್ಕಿತು. ಅದು ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಬಾಳಿದ, ಹಾರಲಾರದ ಒಂದು ಭಾರಿ ಹಕ್ಕಿಯದು. ಆಳೆತ್ತರಕ್ಕೂ ಮಿಗಿಲಾಗಿದ್ದ ಆ ಹಕ್ಕಿಗೆ ವಿದ್ವಾಂಸರು ಕಂಡುಹಿಡಿದವರ ಗೌರವಾರ್ಥ ಗ್ಯಾಸ್ಟಾರ್ನಿಸ್ ಎಂದು ಹೆಸರಿಟ್ಟರು. ಗ್ಯಾಸ್ಟನ್‌ನ ಹಕ್ಕಿ ಎಂಬುದು ಅದರ ಅರ್ಥ. ಇಪ್ಪತ್ತೊಂದರ ವಯಸ್ಸಿಗೇ ಅವರ ಹೆಸರು ಹೀಗೆ ವಿಜ್ಞಾನದ ಪುಸ್ತಕಗಳಲ್ಲಿ ಸೇರಿಹೋಯಿತು. ಇನ್ನೊಬ್ಬರಾಗಿದ್ದರೆ ಮೂಳೆಗಳನ್ನು ಹುಡುಕುತ್ತಲೇ ಜೀವನ ಕಳೆಯುತ್ತಿದ್ದರೇನೊ! ಪ್ಲಾಂಟೆಯವರು ಮಾತ್ರ ಮತ್ತೆ ತಮ್ಮ ಪ್ರಯೋಗಾಲಯದ ಗಾಜಿನ ಜಾಡಿಗಳ ಮುಂದೆ ಬಂದು ನಿಂತರು.

ಆ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳೋಣ. 1800ರಲ್ಲಿ ಇಟಲಿಯ ವೋಲ್ಟಾ ಮೊದಲ ವಿದ್ಯುತ್ ಕೋಶವನ್ನು ಮಾಡಿ ತೋರಿಸಿದ್ದರು. ಅನಂತರ ಬಂದ ಕೋಶಗಳಲ್ಲಿ ಸಾಮಾನ್ಯವಾಗಿ ಸತುವು ಕರಗುತ್ತ ವಿದ್ಯುತ್ತು ಹುಟ್ಟುತ್ತಿತ್ತು. ಸತುವು ಮುಗಿದರೆ ಕೋಶದ ಕಥೆ ಮುಗಿಯಿತು. ಕಟ್ಟಿಗೆ ಉರಿದು ಬೂದಿಯಾದ ಮೇಲೆ ಒಲೆ ಆರುವಂತೆಯೇ ಇದು. ಟಾರ್ಚಿಗೆ ನೀವು ಹಾಕುವ ಸಾಮಾನ್ಯ ಸೆಲ್ಲುಗಳು ಈಗಲೂ ಇದೇ ಬಗೆಯವು. ಒಮ್ಮೆ ಬಳಸಿ ಬರಿದಾದ ಕೋಶವನ್ನು ಮತ್ತೆ ತುಂಬಲು ಬರುವಂತಿದ್ದರೆ ಎಷ್ಟು ಒಳ್ಳೆಯದು! ಈ ಯೋಚನೆ ಪ್ಲಾಂಟೆಯವರಿಗಿಂತ ಹಿಂದೆಯೂ ಕೆಲವರಿಗೆ ಬಂದಿತ್ತು. ಜರ್ಮನಿಯ ರಿಟ್ಟರ್ 1803ರಷ್ಟು ಹಿಂದೆಯೇ ಇದರ ಸುಳಿವು ಹಿಡಿದಿದ್ದರು. ಅದೇ ದೇಶದ ಸಿನ್‌ಸ್ಟೆಡನ್ 1854ರಲ್ಲಿ ಸೀಸದ ಫಲಕಗಳನ್ನು ಆಮ್ಲದಲ್ಲಿ ಮುಳುಗಿಸಿ ಪ್ರಯೋಗ ಮಾಡಿದ್ದರು. ಆದರೆ ಬಳಕೆಗೆ ಬರುವ ವಸ್ತು ಯಾರ ಕೈಯಲ್ಲೂ ಸಿದ್ಧವಾಗಿರಲಿಲ್ಲ.

ಪ್ಲಾಂಟೆಯವರು ಈ ಕೆಲಸವನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡರು. ತಾಮ್ರ, ಬೆಳ್ಳಿ, ತವರ, ಚಿನ್ನ, ಪ್ಲಾಟಿನಂ, ಸೀಸ ಹೀಗೆ ಒಂದೊಂದೇ ಲೋಹದ ತಗಡುಗಳನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದರು. ಹೊರಗಿನ ಕೋಶದಿಂದ ಅವುಗಳಿಗೆ ವಿದ್ಯುತ್ತನ್ನು ಹರಿಸಿ, ಬಳಿಕ ಆ ಕೋಶವನ್ನು ತೆಗೆದುಬಿಟ್ಟರು. ತಗಡುಗಳು ಮರಳಿ ಎಷ್ಟು ವಿದ್ಯುತ್ತನ್ನು ಎಷ್ಟು ಹೊತ್ತು ಕೊಡುತ್ತವೆ ಎಂದು ಅಳೆದರು. ಬೆಲೆಬಾಳುವ ಚಿನ್ನ ಪ್ಲಾಟಿನಂಗಳನ್ನು ಹಿಂದೆ ಹಾಕಿ ಗೆದ್ದದ್ದು ಅಗ್ಗದ ಸೀಸ! ಅದು ಎಲ್ಲಕ್ಕಿಂತ ಬಲವಾಗಿ, ಎಲ್ಲಕ್ಕಿಂತ ಹೆಚ್ಚು ಹೊತ್ತು ವಿದ್ಯುತ್ತನ್ನು ಹಿಂದಿರುಗಿಸಿತು.

1859ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅವರು ತಮ್ಮ ಕೋಶವನ್ನು ಕಟ್ಟಿದರು. ಎರಡು ಉದ್ದನೆಯ ಸೀಸದ ತಗಡುಗಳ ನಡುವೆ ಒರಟು ಬಟ್ಟೆಯನ್ನಿಟ್ಟು ಚಾಪೆ ಸುತ್ತಿದಂತೆ ಸುತ್ತಿದರು. ಆ ಸುರುಳಿಯನ್ನು ಆಮ್ಲ ತುಂಬಿದ ಗಾಜಿನ ಜಾಡಿಯಲ್ಲಿ ಇಳಿಸಿದರು. ಆಮ್ಲದಲ್ಲಿ ಬಟ್ಟೆ ಬಾಳಿಕೆ ಬಾರದ್ದರಿಂದ ಮುಂದೆ ಅದರ ಬದಲು ರಬ್ಬರಿನ ಪಟ್ಟಿಗಳನ್ನು ಬಳಸಿದರು. 1860ರಲ್ಲಿ ಇಂಥ ಒಂಬತ್ತು ಕೋಶಗಳನ್ನು ಜೋಡಿಸಿದ ಬ್ಯಾಟರಿಯನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಪ್ರದರ್ಶಿಸಿದರು. ಅದೇ ವರ್ಷ ಅವರು ಜನಸಾಮಾನ್ಯರಲ್ಲಿ ಶಿಕ್ಷಣ ಹರಡಲು ಸ್ಥಾಪನೆಯಾಗಿದ್ದ ಒಂದು ಸಂಘದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು.

ಈ ಕೋಶದೊಳಗೆ ಏನು ನಡೆಯುತ್ತದೆ? ಅದನ್ನು ಗಮನವಿಟ್ಟು ಓದಿರಿ. ಮುಂದಿನ ಮಾತೆಲ್ಲ ಇದನ್ನೇ ಅವಲಂಬಿಸಿದೆ. ಕೋಶ ತುಂಬಿದಾಗ ಒಂದು ಫಲಕದ ಮೇಲೆ ಕಂದು ಬಣ್ಣದ ಸೀಸದ ಡೈಆಕ್ಸೈಡ್ ಇರುತ್ತದೆ. ಇದು ಧನ ಫಲಕ. ಇನ್ನೊಂದರ ಮೇಲೆ ಸ್ಪಂಜಿನಂತೆ ಸಣ್ಣ ಸಣ್ಣ ತೂತುಗಳಿರುವ ಬೂದು ಬಣ್ಣದ ಸೀಸ ಇರುತ್ತದೆ. ಇದು ಋಣ ಫಲಕ. ನಾವು ವಿದ್ಯುತ್ತನ್ನು ಬಳಸುತ್ತ ಹೋದಂತೆ ಎರಡೂ ಫಲಕಗಳು ಗಂಧಕಾಮ್ಲದೊಡನೆ ವರ್ತಿಸಿ ಸೀಸದ ಸಲ್ಫೇಟ್ ಎಂಬ ಬಿಳಿಯ ವಸ್ತುವಾಗುತ್ತವೆ. ಆಮ್ಲ ಖರ್ಚಾಗಿ ನೀರು ಹುಟ್ಟುವುದರಿಂದ ದ್ರಾವಣ ತೆಳುವಾಗುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿದರೆ ಈ ಕ್ರಿಯೆ ತಿರುಗಿ ನಡೆಯುತ್ತದೆ. ಸಲ್ಫೇಟ್ ಮತ್ತೆ ಡೈಆಕ್ಸೈಡ್ ಮತ್ತು ಸೀಸವಾಗುತ್ತದೆ. ಆಮ್ಲ ಮೊದಲಿನಂತೆ ಗಟ್ಟಿಯಾಗುತ್ತದೆ. ನಾವು ವಿದ್ಯುತ್ತನ್ನು ಕೂಡಿಡುತ್ತೇವೆ ಎಂದು ಹೇಳಿದರೂ ನಿಜವಾಗಿ ಅಲ್ಲಿ ಕೂಡಿರುವುದು ರಾಸಾಯನಿಕ ಶಕ್ತಿ. ಬೇಕಾದಾಗ ಅದು ವಿದ್ಯುಚ್ಛಕ್ತಿಯಾಗಿ ಹೊರಬರುತ್ತದೆ. ಒಂದು ಕೋಶ ಸುಮಾರು 2 ವೋಲ್ಟ್ ಕೊಡುತ್ತದೆ. ಆಟೋದ 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳು ಏಕಿವೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಪ್ಲಾಂಟೆಯವರಿಗೆ ಒಂದು ದೊಡ್ಡ ತೊಡಕು ಎದುರಾಯಿತು. ಹೊಸ ಸೀಸದ ತಗಡು ನುಣುಪಾಗಿರುತ್ತದೆ. ಆಮ್ಲದೊಡನೆ ವರ್ತಿಸುವುದು ಅದರ ಮೇಲ್ಮೈ ಮಾತ್ರ. ಆದ್ದರಿಂದ ಹೊಸ ಕೋಶ ಸ್ವಲ್ಪವೇ ವಿದ್ಯುತ್ತನ್ನು ಹಿಡಿಯುತ್ತಿತ್ತು. ಆದರೆ ಅದನ್ನು ತುಂಬಿ, ಬರಿದು ಮಾಡಿ, ಮತ್ತೆ ತುಂಬಿದಾಗ ಅದರ ಶಕ್ತಿ ಸ್ವಲ್ಪ ಹೆಚ್ಚಿದುದನ್ನು ಅವರು ಗಮನಿಸಿದರು. ಒಂದು ಸಲ ಒಂದು ದಿಕ್ಕಿನಲ್ಲಿ, ಇನ್ನೊಂದು ಸಲ ಎದುರು ದಿಕ್ಕಿನಲ್ಲಿ ವಿದ್ಯುತ್ತನ್ನು ಹರಿಸಿದರು. ನಡುನಡುವೆ ಕೋಶಕ್ಕೆ ವಿಶ್ರಾಂತಿ ಕೊಟ್ಟರು. ಆ ವಿಶ್ರಾಂತಿಯ ಅವಧಿಯನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದರು. ತಗಡಿನ ಒಳಪದರಗಳೂ ಹೀಗೆ ಕ್ರಮೇಣ ಕೆಲಸಕ್ಕೆ ಪಳಗಿದವು. ಹೊಲವನ್ನು ಮತ್ತೆ ಮತ್ತೆ ಉತ್ತು ಮಣ್ಣನ್ನು ಆಳದವರೆಗೆ ಸಡಿಲಗೊಳಿಸುವ ಹಾಗೆ ಎಂದು ತಿಳಿಯಿರಿ. ಒಂದು ಕೋಶವನ್ನು ಹೀಗೆ ಹದಗೊಳಿಸಲು ತಿಂಗಳುಗಳೇ ಹಿಡಿಯುತ್ತಿದ್ದವು. ಪ್ಲಾಂಟೆಯವರು ಬೇಸರಪಡಲಿಲ್ಲ. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆ ಅವರಿಗೆ ತಿಳಿದಿರಲಿಲ್ಲ. ಆದರೆ ಅವರು ನಡೆದದ್ದು ಆ ದಾರಿಯಲ್ಲಿಯೇ.

ಇನ್ನೊಂದು ತೊಡಕೂ ಇತ್ತು. ಅವರ ಕೋಶವನ್ನು ತುಂಬಲು ಆಗ ಇದ್ದದ್ದು ಹಳೆಯ ಬಗೆಯ ಕೋಶಗಳು ಮಾತ್ರ. ಅವುಗಳಲ್ಲಿ ಸತುವೂ ನೈಟ್ರಿಕ್ ಆಮ್ಲವೂ ಖರ್ಚಾಗುತ್ತಿದ್ದವು. ಉಸಿರುಗಟ್ಟಿಸುವ ಹೊಗೆ ಏಳುತ್ತಿತ್ತು. ಬಾವಿಯೇ ಇಲ್ಲದ ಊರಿನಲ್ಲಿ ದೊಡ್ಡ ನೀರಿನ ತೊಟ್ಟಿ ಕಟ್ಟಿದಂತಾಗಿತ್ತು ಅವರ ಕೆಲಸ! ಆದ್ದರಿಂದ ಸುಮಾರು ಇಪ್ಪತ್ತು ವರ್ಷ ಆ ಶೋಧ ಹೆಚ್ಚಾಗಿ ಪ್ರಯೋಗಾಲಯದಲ್ಲಿಯೇ ಉಳಿಯಿತು. ಆದರೂ ಪ್ಲಾಂಟೆಯವರು ಕೈಚೆಲ್ಲಿ ಕೂರಲಿಲ್ಲ. ಅವರು ಒಂದು ಉಪಾಯ ಮಾಡಿದರು. ಇಪ್ಪತ್ತು ಕೋಶಗಳನ್ನು ಸಮಾಂತರವಾಗಿ ಜೋಡಿಸಿ, ಎರಡೇ ಹಳೆಯ ಕೋಶಗಳಿಂದ ನಿಧಾನವಾಗಿ ತುಂಬಿಸುವುದು. ತುಂಬಿದ ಮೇಲೆ ಒಂದು ತಿರುಗುವ ಸಾಧನದಿಂದ ಅವೆಲ್ಲವನ್ನೂ ಒಂದೇ ಸಲಕ್ಕೆ ಸರಣಿಗೆ ಬದಲಿಸುವುದು. ಆಗ ಎರಡೆರಡು ವೋಲ್ಟು ಸೇರಿ ನಲವತ್ತಾಗುತ್ತಿತ್ತು. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಓದುವ ಸಮಾಂತರ ಜೋಡಣೆ, ಸರಣಿ ಜೋಡಣೆಗಳ ಸೊಗಸಾದ ಬಳಕೆ ಇದು. ಮುಂದೆ ಅವರು 800 ಕೋಶಗಳವರೆಗೆ ಜೋಡಿಸಿ, ಮಿಂಚಿನ ಬಗೆಗೂ ಮುಗಿಲಿನ ವಿದ್ಯುತ್ತಿನ ಬಗೆಗೂ ಪ್ರಯೋಗಗಳನ್ನು ನಡೆಸಿದರು. ಚಿಕ್ಕ ಕೋಶವೊಂದರಿಂದ ಪ್ಲಾಟಿನಂ ತಂತಿಯನ್ನು ಕೆಂಪಗೆ ಕಾಯಿಸಿ ಮೇಣದ ಬತ್ತಿ ಹೊತ್ತಿಸುವ ಸಾಧನವನ್ನೂ ಮಾಡಿದರು. ಅದಕ್ಕೆ ಶನಿಯ ಹೆಸರಿಟ್ಟರು. ಹಿಂದಿನ ಕಾಲದ ರಸವಾದಿಗಳು ಸೀಸವನ್ನು ಶನಿಗ್ರಹದ ಲೋಹ ಎಂದು ಎಣಿಸುತ್ತಿದ್ದುದೇ ಇದಕ್ಕೆ ಕಾರಣ. ತಮ್ಮ ಇಪ್ಪತ್ತು ವರ್ಷಗಳ ಸಂಶೋಧನೆಯನ್ನು 1879ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಕಾಲ ಬದಲಾಯಿತು. ಉಗಿಯಂತ್ರದಿಂದ ತಿರುಗಿ ವಿದ್ಯುತ್ತನ್ನು ಉತ್ಪಾದಿಸುವ ಡೈನಮೊಗಳು 1870ರ ದಶಕದಲ್ಲಿ ಬಳಕೆಗೆ ಬಂದವು. ತೊಟ್ಟಿಗೆ ಕೊನೆಗೂ ಬಾವಿ ದೊರೆಯಿತು. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಎಂಬವರು ಸೀಸದ ಫಲಕಕ್ಕೆ ಸೀಸದ ಆಕ್ಸೈಡಿನ ಲೇಪವನ್ನು ಮೆತ್ತುವ ವಿಧಾನವನ್ನು ತಂದರು. ತಿಂಗಳುಗಳ ಕೆಲಸ ಬಹಳ ಬೇಗನೆ ಮುಗಿಯುವಂತಾಯಿತು. ಅದೇ ವರ್ಷ ಗುಸ್ತಾವ್ ತ್ರೂವೆ ಎಂಬವರು ಪ್ಲಾಂಟೆಯವರ ಬಗೆಯ ಕೋಶಗಳನ್ನು ಹೊತ್ತ ಮೂರು ಚಕ್ರದ ಗಾಡಿಯನ್ನು ಪ್ಯಾರಿಸ್ಸಿನ ಬೀದಿಯಲ್ಲಿ ಓಡಿಸಿದರು. 1899ರಲ್ಲಿ ಇಂಥ ಬ್ಯಾಟರಿಗಳಿಂದ ನಡೆದ ಒಂದು ಕಾರು ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲ ಬಾರಿಗೆ ದಾಟಿತು. 1912ರಲ್ಲಿ ಅಮೆರಿಕದಲ್ಲಿ ಕಾರುಗಳನ್ನು ಕೈಯಿಂದ ತಿರುವುವ ಬದಲು ಬ್ಯಾಟರಿಯಿಂದ ಚಾಲೂ ಮಾಡುವ ಪದ್ಧತಿ ಮೊದಲಾಯಿತು.

ಪ್ಲಾಂಟೆಯವರು ಅಷ್ಟು ದಿನ ಬದುಕಿರಲಿಲ್ಲ. 1889ರ ಮೇ 21ರಂದು, ತಮ್ಮ 55ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಕೊನೆಯ ದಿನಗಳು ಕಳೆದದ್ದು ಮ್ಯೂಡಾನಿನ ಬೆಲ್‌ವ್ಯೂ ಎಂಬಲ್ಲಿ. ಹರೆಯದಲ್ಲಿ ಆ ಹಕ್ಕಿಯ ಮೂಳೆ ಸಿಕ್ಕಿದ ಊರೇ ಅದು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಅವರ ಹೆಸರಿನ ಬಹುಮಾನವೊಂದು ಏರ್ಪಟ್ಟಿತು. ಸೀಸದ ಬ್ಯಾಟರಿಗಳ ಸಂಶೋಧಕರಿಗಾಗಿ ಬಲ್ಗೇರಿಯದ ವಿಜ್ಞಾನ ಅಕಾಡೆಮಿ 1989ರಲ್ಲಿ ಪ್ಲಾಂಟೆ ಪದಕವನ್ನು ಸ್ಥಾಪಿಸಿತು.

ವಿದ್ಯಾರ್ಥಿಗಳೇ, ಜೀವನಚರಿತ್ರೆ ಇಲ್ಲಿಗೆ ಮುಗಿಯಿತು ಎಂದು ಪುಸ್ತಕ ಮುಚ್ಚಬೇಡಿರಿ. ಪ್ಲಾಂಟೆಯವರು ತಿಂಗಳುಗಟ್ಟಲೆ ಕಾದು ಹದಗೊಳಿಸಿದ ವಸ್ತುವನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಎರಡು ಮನೆಗಳನ್ನು ಊಹಿಸಿಕೊಳ್ಳಿರಿ. ಇಬ್ಬರೂ ಒಂದೇ ದಿನ ಒಂದೇ ಅಂಗಡಿಯಿಂದ ಬ್ಯಾಟರಿ ತಂದರು. ಒಂದು ಮನೆಯಲ್ಲಿ ಅದು ಎರಡೇ ವರ್ಷಕ್ಕೆ ಮೂಲೆಗುಂಪಾಯಿತು. ಇನ್ನೊಂದು ಮನೆಯಲ್ಲಿ ಐದು ವರ್ಷವಾದರೂ ದುಡಿಯುತ್ತಿದೆ. ಅಂಗಡಿಯವನನ್ನು ದೂರುವ ಮೊದಲು ಇದರ ಕಾರಣವನ್ನು ತಿಳಿಯೋಣ.

ಬ್ಯಾಟರಿಯ ಮೊದಲ ಶತ್ರು ಅದರೊಳಗಿನ ಸಲ್ಫೇಟ್. ವಿದ್ಯುತ್ತನ್ನು ಬಳಸಿದಾಗ ಹುಟ್ಟುವ ಈ ವಸ್ತು ಮೊದಲು ನುಣ್ಣನೆಯ ಹರಳುಗಳಾಗಿರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿ ಮತ್ತೆ ಕೆಲಸಕ್ಕೆ ಬರುತ್ತದೆ. ಬರಿದಾದ ಬ್ಯಾಟರಿಯನ್ನು ವಾರ, ತಿಂಗಳು ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಕೂಡಿ ದೊಡ್ಡವಾಗಿ ಗಟ್ಟಿಯಾಗುತ್ತವೆ. ಆಮೇಲೆ ಅವು ಸುಲಭವಾಗಿ ಕರಗುವುದಿಲ್ಲ. ಹಂಡೆಯ ಒಳಗೆ ದಿನದಿನವೂ ತೊಳೆಯದೆ ಬಿಟ್ಟ ಬಿಳಿಯ ಕರೆ ಕಲ್ಲಾಗುವುದನ್ನು ನೀವು ನೋಡಿದ್ದೀರಿ. ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಪ್ಲಾಂಟೆಯವರೂ ಕೋಶಕ್ಕೆ ವಿಶ್ರಾಂತಿ ಕೊಟ್ಟಿದ್ದರಲ್ಲವೆ? ಹೌದು. ಆದರೆ ಅವರು ಕೊಟ್ಟದ್ದು ಅಳತೆಯರಿತ ವಿಶ್ರಾಂತಿ. ಪ್ರತಿಸಲವೂ ಅವರು ಮರಳಿ ಬಂದು ಕೋಶವನ್ನು ತುಂಬುತ್ತಿದ್ದರು. ನಾವು ಮಾಡುವುದು ಬರಿದು ಮಾಡಿ ಮರೆತುಬಿಡುವುದು.

ಹಾಗಾದರೆ ಸೊರಗಿದ ಬ್ಯಾಟರಿಯನ್ನು ಚೇತರಿಸಿಕೊಳ್ಳುವಂತೆ ಮಾಡಬಹುದೆ? ಕೆಲವನ್ನು ಮಾಡಬಹುದು, ಕೆಲವನ್ನು ಮಾಡಲಾಗದು. ವೈದ್ಯರು ಮದ್ದು ಕೊಡುವ ಮೊದಲು ನಾಡಿ ನೋಡುವಂತೆ ಇಲ್ಲಿಯೂ ಮೊದಲು ಪರೀಕ್ಷೆ ನಡೆಯಬೇಕು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್ ಎಂಬ ಗಾಜಿನ ಸಾಧನದಿಂದ ಒಂದೊಂದು ಕೋಶದ ಆಮ್ಲವನ್ನೂ ಅಳೆಯುತ್ತಾರೆ. ತುಂಬಿದ ಕೋಶದಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.24ರಿಂದ 1.28ರವರೆಗೆ ಇರುತ್ತದೆ. ಬರಿದಾದ ಕೋಶದಲ್ಲಿ ಅದು ಸುಮಾರು 1.12ಕ್ಕೆ ಇಳಿಯುತ್ತದೆ. ಆರೂ ಕೋಶಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೆಳಗಿಳಿದಿದ್ದರೆ ಆಸೆ ಇದೆ. ಅಂಥ ಬ್ಯಾಟರಿಯನ್ನು ಕಡಿಮೆ ವಿದ್ಯುತ್ ಪ್ರವಾಹದಲ್ಲಿ ಬಹಳ ಹೊತ್ತು ಚಾರ್ಜ್ ಮಾಡುತ್ತಾರೆ. ನೂರು ಆಂಪಿಯರ್-ಗಂಟೆಯ ಬ್ಯಾಟರಿಗೆ ಸಾಮಾನ್ಯವಾಗಿ ಹತ್ತು ಆಂಪಿಯರ್ ಕೊಡುವುದಾದರೆ, ಚೇತರಿಕೆಗೆ ಅದರ ಅರ್ಧ ಅಥವಾ ಇನ್ನೂ ಕಡಿಮೆ ಕೊಡುತ್ತಾರೆ. ಬಳಿಕ ಸ್ವಲ್ಪ ಬಳಸಿ, ಮತ್ತೆ ನಿಧಾನವಾಗಿ ತುಂಬುತ್ತಾರೆ. ಸಾಂದ್ರತೆ ಪ್ರತಿ ಸಲವೂ ಏರುತ್ತಿದ್ದರೆ ಬ್ಯಾಟರಿ ಗುಣವಾಗುತ್ತಿದೆ ಎಂದು ತಿಳಿಯಬೇಕು. ಇದು ಪ್ಲಾಂಟೆಯವರ ಹಳೆಯ ದಾರಿಯನ್ನೇ ನೆನಪಿಗೆ ತರುತ್ತದೆ. ಅವಸರದಲ್ಲಿ ಹೆಚ್ಚು ವಿದ್ಯುತ್ತನ್ನು ನುಗ್ಗಿಸಿದರೆ ಬ್ಯಾಟರಿ ಕಾದು ಫಲಕಗಳು ಬಾಗುತ್ತವೆ. ಕೈ ಇಡಲಾರದಷ್ಟು ಬಿಸಿಯಾದರೆ ಚಾರ್ಜನ್ನು ನಿಲ್ಲಿಸಲೇಬೇಕು.

ಐದು ಕೋಶಗಳು ಚೆನ್ನಾಗಿದ್ದು ಒಂದು ಮಾತ್ರ ತೀರ ಕೆಳಗಿದ್ದರೆ, ಎಷ್ಟು ಚಾರ್ಜ್ ಮಾಡಿದರೂ ಅದು ಏಳದಿದ್ದರೆ, ಆ ಕೋಶದ ಫಲಕಗಳು ಒಳಗೆ ಒಂದಕ್ಕೊಂದು ತಾಗಿರಬಹುದು ಅಥವಾ ಅವುಗಳ ಮೇಲಿನ ವಸ್ತು ಉದುರಿ ತಳ ಸೇರಿರಬಹುದು. ಆಮ್ಲ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೂ ಉದುರಿದ್ದರ ಗುರುತು. ಉದುರಿದ್ದನ್ನು ಯಾವ ಪುಡಿಯೂ ಯಾವ ದ್ರಾವಣವೂ ಮರಳಿ ಅಂಟಿಸಲಾರದು. ಸತ್ತ ಬ್ಯಾಟರಿಗೆ ಜೀವ ತರುತ್ತೇವೆಂದು ಹೇಳಿ ಪುಡಿ ಮಾರುವವರ ಮಾತಿಗೆ ನಿಮ್ಮ ಮನೆಯವರು ಹಣ ಕಳೆದುಕೊಳ್ಳದಂತೆ ನೀವೇ ತಿಳಿಹೇಳಬಹುದು. ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಬ್ಯಾಟರಿ ಡೌನ್ ಆಯಿತೆಂದು ಕೆಲವರು ಅದಕ್ಕೆ ಹೊಸ ಆಮ್ಲ ಸುರಿಯುತ್ತಾರೆ. ಆಮ್ಲ ಎಲ್ಲಿಗೂ ಹೋಗಿಲ್ಲ. ಅದು ಸಲ್ಫೇಟಿನ ರೂಪದಲ್ಲಿ ಫಲಕಗಳಲ್ಲಿಯೇ ಇದೆ. ಹೊಸ ಆಮ್ಲ ಸೇರಿದರೆ ಹೈಡ್ರೋಮೀಟರ್ ಒಳ್ಳೆಯ ಅಂಕಿ ತೋರಿಸಿ ನಮ್ಮನ್ನು ಮೋಸಗೊಳಿಸುತ್ತದೆ. ಫಲಕಗಳು ಮಾತ್ರ ಬೇಗ ಸವೆಯುತ್ತವೆ.

ಬ್ಯಾಟರಿಯಿಂದ ಆವಿಯಾಗಿ, ಅನಿಲವಾಗಿ ಹೋಗುವುದು ನೀರು. ಆದ್ದರಿಂದ ತುಂಬಬೇಕಾದದ್ದೂ ನೀರೇ, ಅದೂ ಭಟ್ಟಿ ಇಳಿಸಿದ ಶುದ್ಧ ನೀರು. ಅಂಗಡಿಯಲ್ಲಿ ಬ್ಯಾಟರಿ ನೀರು ಎಂದು ಕೇಳಿದರೆ ಕೊಡುತ್ತಾರೆ. ಬಾವಿಯ ಅಥವಾ ನಲ್ಲಿಯ ನೀರಿನಲ್ಲಿ ಲವಣಗಳೂ ಕಬ್ಬಿಣದ ಅಂಶವೂ ಇರುವುದರಿಂದ ಅದು ಫಲಕಗಳನ್ನು ಕೆಡಿಸುತ್ತದೆ. ಫಲಕಗಳ ಮೇಲ್ತುದಿ ಎಂದೂ ನೀರಿನಿಂದ ಹೊರಗೆ ಕಾಣಬಾರದು. ಕಂಡರೆ ಅವು ಮುಳುಗುವಷ್ಟು ನೀರು ಹಾಕಿ, ಚಾರ್ಜ್ ಮುಗಿದ ಮೇಲೆ ಗುರುತಿನ ಮಟ್ಟಕ್ಕೆ ಸರಿಪಡಿಸಬೇಕು. ಮೊದಲೇ ಗುರುತಿನವರೆಗೆ ತುಂಬಿದರೆ ಚಾರ್ಜ್ ಮಾಡುವಾಗ ಆಮ್ಲ ಉಕ್ಕಿ ಹೊರಚೆಲ್ಲುತ್ತದೆ.

ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದನ್ನು ನೀವು ಕಂಡಿರಬಹುದು. ಎಷ್ಟೋ ಬಾರಿ ಬ್ಯಾಟರಿ ಚೆನ್ನಾಗಿಯೇ ಇದ್ದು ಈ ಹುಡಿಯಿಂದಾಗಿ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ತಿಳಿದವರು ಮೊದಲು ಋಣ ತಂತಿಯನ್ನೂ ಆಮೇಲೆ ಧನ ತಂತಿಯನ್ನೂ ಬಿಚ್ಚುತ್ತಾರೆ. ಅಡುಗೆ ಸೋಡಾ ಕದಡಿದ ನೀರಿನಿಂದ ಹುಡಿಯನ್ನು ಉಜ್ಜಿ ತೊಳೆದು ಒರಸುತ್ತಾರೆ. ಸೋಡಾದ ನೀರು ಕೋಶದೊಳಗೆ ಇಳಿಯದಂತೆ ಮುಚ್ಚಳಗಳನ್ನು ಬಿಗಿಯಾಗಿ ಮುಚ್ಚಿರುತ್ತಾರೆ. ತಂತಿಗಳನ್ನು ಮರಳಿ ಬಿಗಿಯುವಾಗ ಧನ ಮೊದಲು, ಋಣ ಕೊನೆಗೆ. ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರೆ ಹುಡಿ ಬೇಗ ಕಟ್ಟುವುದಿಲ್ಲ. ಬಳಸದೆ ಇಟ್ಟ ಬ್ಯಾಟರಿಯೂ ತಾನಾಗಿಯೇ ಮೆಲ್ಲಗೆ ಬರಿದಾಗುತ್ತದೆ. ಆದ್ದರಿಂದ ಅದನ್ನು ತಿಂಗಳಿಗೊಮ್ಮೆಯಾದರೂ ತುಂಬಬೇಕು.

ಇಷ್ಟೆಲ್ಲ ಓದಿದಿರೆಂದು ಈ ಕೆಲಸಕ್ಕೆ ನೀವೇ ಕೈ ಹಾಕಬಾರದು. ಬಲ್ಲ ಹಿರಿಯರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿರಿ. ಗಂಧಕಾಮ್ಲ ಬಟ್ಟೆಯನ್ನೂ ಚರ್ಮವನ್ನೂ ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ತಾಗಿದ ಕೂಡಲೇ ಧಾರಾಳವಾಗಿ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಹೋಗಬೇಕು. ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಒಂದು ಬೆಂಕಿಕಡ್ಡಿ ಗೀರಿದರೂ ಅದು ಸಿಡಿಯಬಹುದು. ಆದ್ದರಿಂದ ಕಿಟಕಿ ತೆರೆದ, ಗಾಳಿಯಾಡುವ ಜಾಗವೇ ಬೇಕು. ಮುಚ್ಚಳವಿಲ್ಲದ, ಮೊಹರು ಮಾಡಿದ ಬಗೆಯ ಬ್ಯಾಟರಿಗಳನ್ನು ಯಾರೂ ಒಡೆದು ತೆರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ಸೀಸ ವಿಷ. ಅದು ಮೈಯೊಳಗೆ ಸ್ವಲ್ಪ ಸ್ವಲ್ಪವಾಗಿ ಸೇರಿದರೂ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ಸೀಸವನ್ನು ಒಲೆಯ ಮೇಲೆ ಕರಗಿಸಿ ಮಾರುವವರಿದ್ದಾರೆ. ಆ ಹೊಗೆಯೂ ಬೂದಿಯೂ ಸುತ್ತಲಿನ ಮಣ್ಣು, ನೀರು, ಮನೆಗಳನ್ನು ಸೇರುತ್ತವೆ. ಕೆಲವು ನೂರು ರೂಪಾಯಿಯ ಆಸೆಗೆ ತಮ್ಮ ಮಕ್ಕಳ ಬುದ್ಧಿಯನ್ನೇ ತೆತ್ತಂತಾಗುತ್ತದೆ. ನಮ್ಮ ದೇಶದಲ್ಲಿ ಇದಕ್ಕಾಗಿ 2001ರಲ್ಲಿಯೇ ನಿಯಮಗಳು ಬಂದವು. 2022ರಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳು ಜಾರಿಯಾದವು. ಹಳೆಯ ಬ್ಯಾಟರಿಯನ್ನು ಇಡಿಯಾಗಿ ಮಾರಾಟಗಾರರಿಗೆ ಹಿಂದಿರುಗಿಸುವುದೇ ಸರಿಯಾದ ಮಾರ್ಗ. ಅಲ್ಲಿಂದ ಅದು ಕಾರ್ಖಾನೆಗೆ ಹೋಗಿ, ಅದರ ಸೀಸ ಮತ್ತೆ ಹೊಸ ಬ್ಯಾಟರಿಯಾಗುತ್ತದೆ.

ಕೊನೆಗೊಂದು ಸೋಜಿಗದ ಸಂಗತಿ. ಬೇಗ ಸಿದ್ಧವಾಗುವ ಲೇಪದ ಫಲಕಗಳು ಬಂದು ನೂರಕ್ಕೂ ಹೆಚ್ಚು ವರ್ಷಗಳಾದರೂ ಪ್ಲಾಂಟೆಯವರ ಶುದ್ಧ ಸೀಸದ ಫಲಕಗಳು ಮರೆಯಾಗಲಿಲ್ಲ. ವಿದ್ಯುತ್ ಕೇಂದ್ರಗಳಂಥ, ಒಂದು ಕ್ಷಣವೂ ಕೈಕೊಡಬಾರದ ಸ್ಥಳಗಳಲ್ಲಿ ಆ ಬಗೆಯ ಕೋಶಗಳನ್ನು ಬಳಸುತ್ತ ಬಂದಿದ್ದಾರೆ. ಚೆನ್ನಾಗಿ ನೋಡಿಕೊಂಡರೆ ಅವು ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತವೆ. ಮುಂದಿನ ಸಲ ಕರೆಂಟು ಹೋಗಿ ದೀಪ ಮತ್ತೆ ಹೊತ್ತಿದಾಗ ಮೂಲೆಯ ಆ ಪೆಟ್ಟಿಗೆಯ ಕಡೆ ಒಮ್ಮೆ ನೋಡಿರಿ. ಅದರಲ್ಲಿ ನೀರಿದೆಯೇ ಎಂದು ಮನೆಯ ಹಿರಿಯರನ್ನು ಕೇಳಿರಿ. ಗ್ಯಾಸ್ಟನ್ ಪ್ಲಾಂಟೆಯವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.

ಪದಗಳ ಅರ್ಥ

ಹಗೇವು – ಧಾನ್ಯವನ್ನು ಕೂಡಿಡುವ ನೆಲದೊಳಗಿನ ಕಣಜ
ಕೋಶ – ವಿದ್ಯುತ್ತನ್ನು ಕೊಡುವ ಸಾಧನ, ಸೆಲ್
ರಸವಾದಿ – ಕೀಳು ಲೋಹವನ್ನು ಚಿನ್ನವಾಗಿಸಲು ಯತ್ನಿಸುತ್ತಿದ್ದವನು
ಗಂಧಕಾಮ್ಲ – ಸಲ್ಫ್ಯೂರಿಕ್ ಆಮ್ಲ
ಜಲಜನಕ – ಹೈಡ್ರೋಜನ್ ಅನಿಲ
ಸೋಜಿಗ – ಆಶ್ಚರ್ಯ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗ್ಯಾಸ್ಟನ್ ಪ್ಲಾಂಟೆಯವರು ಎಲ್ಲಿ, ಯಾವಾಗ ಜನಿಸಿದರು?
2. ಹಾರಲಾರದ ಹಕ್ಕಿಗೆ ಗ್ಯಾಸ್ಟಾರ್ನಿಸ್ ಎಂಬ ಹೆಸರು ಏಕೆ ಬಂದಿತು?
3. ಪ್ಲಾಂಟೆಯವರ ಪರೀಕ್ಷೆಯಲ್ಲಿ ಗೆದ್ದ ಲೋಹ ಯಾವುದು?
4. 12 ವೋಲ್ಟಿನ ಬ್ಯಾಟರಿಯಲ್ಲಿ ಎಷ್ಟು ಕೋಶಗಳಿರುತ್ತವೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪ್ಲಾಂಟೆಯವರು ಸೀಸದ ತಗಡುಗಳನ್ನು ಹೇಗೆ ಹದಗೊಳಿಸಿದರು?
2. ಅವರ ಶೋಧ ಸುಮಾರು ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿಯೇ ಉಳಿಯಲು ಕಾರಣವೇನು?
3. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ?
4. ಬ್ಯಾಟರಿ ಡೌನ್ ಆದಾಗ ಹೊಸ ಆಮ್ಲ ಸುರಿಯುವುದು ಏಕೆ ತಪ್ಪು?

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಗಂಧಕಾಮ್ಲ, ವಿದ್ಯುಚ್ಛಕ್ತಿ, ಮನೆಯಲ್ಲಿ

ಈ. ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಕೈಚೆಲ್ಲು, ಕೈಕೊಡು, ಮೂಲೆಗುಂಪಾಗು

ಉ. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಪ್ಲಾಂಟೆಯವರ ಜೀವನಕ್ಕೆ ಹೊಂದಿಸಿ ವಿಸ್ತರಿಸಿರಿ.

ಊ. ಚಟುವಟಿಕೆ: ನಿಮ್ಮ ಊರಿನ ಬ್ಯಾಟರಿ ದುರಸ್ತಿ ಅಂಗಡಿಗೆ ಶಿಕ್ಷಕರೊಡನೆ ಭೇಟಿ ಕೊಡಿರಿ. ಯಾವ ಕಾರಣಗಳಿಂದ ಬ್ಯಾಟರಿಗಳು ಹೆಚ್ಚಾಗಿ ಕೆಡುತ್ತವೆ, ಹಳೆಯ ಬ್ಯಾಟರಿಗಳನ್ನು ಎಲ್ಲಿಗೆ ಕಳುಹಿಸುತ್ತಾರೆ ಎಂದು ಕೇಳಿ ತಿಳಿದು ಒಂದು ವರದಿ ಬರೆಯಿರಿ.